ಕೈಗವಸು ಕೊಟ್ಟಿದ್ದೇವೆ ಅಂತ ಬರೆದುಕೊಂಡರೆ ಜೀವ ಉಳಿಯುತ್ತದೆಯೇ?

(ಬೆಂಗಳೂರಿನಲ್ಲಿ ನಡೆದ ಯುವಜನರ ಅಧ್ಯಯನ ಶಿಬಿರದಲ್ಲಿ, ಕೊಳಚೆ ನೀರು ಶುದ್ಧೀಕರಣ ಘಟಕವೊಂದರ ಮಾಜಿ ಮೇಲ್ವಿಚಾರಕರು ಮಾಡಿದ ಭಾಷಣದ ಬರಹರೂಪ)



ಭಾಷಣ ಮಾಡುವುದು ನನ್ನ ಕಸುಬಲ್ಲ. ಹತ್ತೊಂಬತ್ತು ವರ್ಷ ಕೊಳಚೆ ನೀರಿನ ಕೆಲಸ ಮಾಡಿದವನು ನಾನು. ಮೊದಲು ಪಂಪ್ ಆಪರೇಟರ್, ಆಮೇಲೆ ಪಾಳಿಯ ಮೇಲ್ವಿಚಾರಕ. ನಿಮ್ಮ ಶಿಬಿರದವರು ಮನೆಗೆ ಬಂದು ಕರೆದಾಗ, "ನಾಡು ನುಡಿ ಅಂತ ಮಾತಾಡುವ ಕಡೆ ನನಗೇನಪ್ಪಾ ಕೆಲಸ?" ಅಂತ ಕೇಳಿದೆ. "ನಿಮ್ಮ ಕೆಲಸದ ವಿಷಯ ಹೇಳಿ, ಸಾಕು" ಅಂದರು. ಬಂದಿದ್ದೇನೆ. ಬರುವಾಗ ಈ ಗೋಣಿಚೀಲವನ್ನೂ ತಂದಿದ್ದೇನೆ. ಇದರಲ್ಲಿ ಏನಿದೆ ಅಂತ ಆಮೇಲೆ ತೋರಿಸುತ್ತೇನೆ.

ಮೊದಲು ಒಂದು ಪ್ರಶ್ನೆ. ಇವತ್ತು ಬೆಳಿಗ್ಗೆ ಕಕ್ಕಸಿಗೆ ಹೋಗಿ ನೀರು ಬಿಟ್ಟವರು ಕೈ ಎತ್ತಿ. ನಗಬೇಡಿ, ಎತ್ತಿ. ಎಲ್ಲರೂ ಎತ್ತಿದಿರಿ. ಸರಿ. ಆ ನೀರು ಎಲ್ಲಿಗೆ ಹೋಯಿತು ಅಂತ ಗೊತ್ತಿರುವವರು ಈಗ ಕೈ ಎತ್ತಿ. ನೋಡಿ, ಮೂರೋ ನಾಲ್ಕೋ ಕೈ. ತಪ್ಪು ನಿಮ್ಮದಲ್ಲ. ಗುಂಡಿಯ ಮುಚ್ಚಳ ಮುಚ್ಚಿರುವವರೆಗೂ ಒಳಗೇನಿದೆ ಅಂತ ಯಾರೂ ಕೇಳುವುದಿಲ್ಲ. ಅದು ಉಕ್ಕಿ ರಸ್ತೆಗೆ ಬಂದ ದಿನ ಮಾತ್ರ ನಮಗೆ ನೆನಪಾಗುತ್ತದೆ. ಆ ದಿನ ನಮಗೆ ಬೇಕಾದವನು ಒಬ್ಬನೇ. ಇಳಿಯುವವನು.

ಬೆಂಗಳೂರು ದಿಣ್ಣೆಯ ಮೇಲೆ ಕೂತ ಊರು. ಇಲ್ಲಿನ ಕೊಳಚೆ ನೀರು ವೃಷಭಾವತಿ ಕಣಿವೆ, ಕೋರಮಂಗಲ-ಚಲ್ಲಘಟ್ಟ ಕಣಿವೆ, ಹೆಬ್ಬಾಳ ಕಣಿವೆ ಅಂತ ಬೇರೆ ಬೇರೆ ದಿಕ್ಕಿಗೆ ಇಳಿದು ಹೋಗುತ್ತದೆ. 1964ರಲ್ಲಿ ಜಲಮಂಡಳಿ ಹುಟ್ಟಿದ ಮೇಲೆ ಒಳಚರಂಡಿಯ ಹೊಣೆ ಅದರದ್ದಾಯಿತು. ಕಣಿವೆಗಳಲ್ಲಿ ದೊಡ್ಡ ದೊಡ್ಡ ಶುದ್ಧೀಕರಣ ಘಟಕಗಳಿವೆ. ದೊಡ್ಡ ಅಪಾರ್ಟ್‌ಮೆಂಟುಗಳಿಗೆ ಅವುಗಳದ್ದೇ ಸಣ್ಣ ಘಟಕ, ಎಸ್‌ಟಿಪಿ, ಇರುತ್ತದೆ. ಸಾಮಾನ್ಯವಾಗಿ ನೆಲಮಾಳಿಗೆಯಲ್ಲಿ, ಕಾರು ನಿಲ್ಲಿಸುವ ಜಾಗದ ಆಚೆ, ಒಂದು ಕಬ್ಬಿಣದ ಬಾಗಿಲ ಹಿಂದೆ.

ಇನ್ನೊಂದು ಮಾತು. ಈ ಊರಿನ ಕೊಳಚೆ ನೀರು ಈಗ ಬರೀ ಕೊಳಚೆಯಲ್ಲ. ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ ಶುದ್ಧ ಮಾಡಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ವರ್ಷಗಟ್ಟಲೆ ಒಣಗಿದ್ದ ಕೆರೆಗಳು ತುಂಬಿವೆ. ಆ ನೀರಿನ ಗುಣಮಟ್ಟದ ಬಗ್ಗೆ ವಾದವಿದೆ, ಇರಲಿ, ಅದು ಬೇರೆ ಮಾತು. ನಾನು ಹೇಳುವುದು ಇಷ್ಟೇ: ಬರದ ಜಿಲ್ಲೆಯ ಕೆರೆಗೆ ನೀರು ಮುಟ್ಟಿಸುವ ಕೆಲಸ ಮಾಡುವವನನ್ನು ನಾವು ಮನುಷ್ಯ ಅಂತ ಲೆಕ್ಕಕ್ಕೆ ಹಿಡಿದಿದ್ದೇವಾ?

ಗುಂಡಿಯೊಳಗೆ ಏನಿದೆ?

ಕೊಳಚೆ ನೀರು ಹರಿಯುತ್ತಿರುವವರೆಗೂ ಅಷ್ಟು ಭಯವಿಲ್ಲ. ನಿಂತಿತೋ, ಅಲ್ಲಿ ಗಾಳಿ ಸಾಯುತ್ತದೆ. ಗಾಳಿ ಇಲ್ಲದ ಕೆಸರಿನಲ್ಲಿ ಬದುಕುವ ಕ್ರಿಮಿಗಳು ಹೈಡ್ರೋಜನ್ ಸಲ್ಫೈಡ್ ಅನ್ನುವ ಗ್ಯಾಸು ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆ. ಇದು ಗಾಳಿಗಿಂತ ಭಾರ, ತಳದಲ್ಲಿ ಕೂತಿರುತ್ತದೆ. ಜತೆಗೆ ಮೀಥೇನ್. ಅದು ಹಗುರ, ಮೇಲಕ್ಕೆ ಬರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 5ರಿಂದ 15 ಭಾಗ ಇದ್ದಾಗ ಒಂದು ಕಿಡಿ ಸಾಕು, ಸಿಡಿಯುತ್ತದೆ. ಇವೆಲ್ಲ ಸೇರಿ ಆಮ್ಲಜನಕವನ್ನು ಹೊರಗೆ ತಳ್ಳಿರುತ್ತವೆ. ನಾವು ಈಗ ಉಸಿರಾಡುತ್ತಿರುವ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 20.9 ಭಾಗ ಇದೆ. 19.5ಕ್ಕಿಂತ ಇಳಿದರೆ ಆ ಜಾಗಕ್ಕೆ ಹೋಗಕೂಡದು.

ಈಗ ಕೇಳಿ, ಈ ಗಂಧಕದ ಗ್ಯಾಸಿನ ಮೋಸ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಅದು ಒಂದು ಭಾಗ ಇದ್ದರೂ ಮೂಗಿಗೆ ಹೊಡೆಯುತ್ತದೆ. ಅದೇ ನೂರು ಭಾಗ ದಾಟಿತು ಅನ್ನಿ, ಸ್ವಲ್ಪ ಹೊತ್ತಿನಲ್ಲೇ ಮೂಗು ಸತ್ತುಹೋಗುತ್ತದೆ. ವಾಸನೆಯೇ ಗೊತ್ತಾಗುವುದಿಲ್ಲ. "ವಾಸನೆ ಹೋಯ್ತು, ಗ್ಯಾಸು ಹೋಯ್ತು" ಅಂತ ಹುಡುಗರು ಇನ್ನೆರಡು ಮೆಟ್ಟಿಲು ಇಳಿಯುತ್ತಾರೆ. ಐನೂರು ದಾಟಿದರೆ ಕೆಲವೇ ನಿಮಿಷದಲ್ಲಿ ತಲೆ ತಿರುಗಿ ಬೀಳುತ್ತಾನೆ. ಸಾವಿರ ದಾಟಿದರೆ ಒಂದೆರಡು ಉಸಿರು, ಅಷ್ಟೇ. ಕೂಗುವುದಕ್ಕೂ ಸಮಯವಿಲ್ಲ.

ಮೇಲೆ ನಿಂತು ಅಳೆದಾಗ ಏನೂ ಇಲ್ಲದ ಗುಂಡಿಯಲ್ಲೂ ಇದು ಆಗಬಹುದು. ಯಾಕೆ? ಗ್ಯಾಸು ಕೆಸರಿನ ಹೊಟ್ಟೆಯಲ್ಲಿ ಗುಳ್ಳೆಯಾಗಿ ಕೂತಿರುತ್ತದೆ. ಕಾಲಿಟ್ಟು ಕಲಕಿದ ತಕ್ಷಣ ಒಮ್ಮೆಗೇ ಹೊರಗೆ ಬರುತ್ತದೆ. ಇಳಿದವನ ಮುಖಕ್ಕೇ ಬರುತ್ತದೆ.

ಚೀಲದಲ್ಲಿರುವ ಸಾಮಾನು

ಈಗ ಚೀಲ ಬಿಚ್ಚುತ್ತೇನೆ. ಇದು ಬಟ್ಟೆಯ ಮಾಸ್ಕು. ಕೊರೋನಾ ಕಾಲದಲ್ಲಿ ನೀವೂ ಹಾಕಿದ್ದಿರಿ. ನಮ್ಮ ಹುಡುಗರಿಗೆ ಹೆಚ್ಚಿನ ಕಡೆ ಕೊಡುವುದು ಇದನ್ನೇ. ಇದೂ ಇಲ್ಲದಿದ್ದರೆ ಹೆಗಲ ಮೇಲಿನ ಟವೆಲ್ಲು. ಗ್ಯಾಸಿಗೆ ಇದು ಜಾಲರಿ ಇದ್ದ ಹಾಗೆ. ಜಾಲರಿಯಲ್ಲಿ ಹೊಗೆ ನಿಲ್ಲುತ್ತದೆಯೇ?

ಇದು ಡಬ್ಬಿ ಇರುವ ರಬ್ಬರ್ ಮಾಸ್ಕು. ನೋಡಲು ಭಾರಿ ಜೋರಾಗಿದೆ. ಡಬ್ಬಿಯೊಳಗಿನ ಇದ್ದಿಲು ಸ್ವಲ್ಪ ಹೊತ್ತು ಕೆಲವು ಗ್ಯಾಸುಗಳನ್ನು ಹೀರಿಕೊಳ್ಳುತ್ತದೆ, ನಿಜ. ಆದರೆ ಇದು ಇರುವ ಗಾಳಿಯನ್ನು ಸೋಸುತ್ತದೆಯೇ ಹೊರತು ಇಲ್ಲದ ಗಾಳಿಯನ್ನು ತಂದು ಕೊಡುವುದಿಲ್ಲ. ಗುಂಡಿಯಲ್ಲಿ ಆಮ್ಲಜನಕವೇ ಇಲ್ಲದಿದ್ದರೆ ಏನು ಸೋಸುತ್ತೀರಿ? ಆಳದ ಗುಂಡಿಗೆ ಇಳಿಯಬೇಕಾದರೆ ಮೇಲಿನಿಂದ ಪೈಪಿನಲ್ಲಿ ಒಳ್ಳೆಯ ಗಾಳಿ ಬರಬೇಕು, ಇಲ್ಲವೇ ಬೆನ್ನ ಮೇಲೆ ಗಾಳಿಯ ಸಿಲಿಂಡರು ಇರಬೇಕು. ಅದು ಈ ಚೀಲದಲ್ಲಿಲ್ಲ. ನನ್ನ ಹತ್ತೊಂಬತ್ತು ವರ್ಷದಲ್ಲಿ ಅದನ್ನು ನಾನು ಕೈಯಲ್ಲಿ ಹಿಡಿದದ್ದು ಎರಡೇ ಸಲ. ಎರಡೂ ಸಲ ಪ್ರದರ್ಶನಕ್ಕೆ ತಂದಿದ್ದರು, ಫೋಟೋ ಆದ ಮೇಲೆ ವಾಪಸು ತೆಗೆದುಕೊಂಡು ಹೋದರು.

ಈ ಪುಟ್ಟ ಪೆಟ್ಟಿಗೆ ಗ್ಯಾಸ್ ಅಳೆಯುವ ಮೀಟರು. ಆಮ್ಲಜನಕ, ಸಿಡಿಯುವ ಗ್ಯಾಸು, ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್, ನಾಲ್ಕನ್ನೂ ತೋರಿಸುತ್ತದೆ. ಹಗ್ಗಕ್ಕೆ ಕಟ್ಟಿ ಮೇಲೆ, ನಡುವೆ, ತಳದಲ್ಲಿ, ಮೂರು ಕಡೆ ಹಿಡಿಯಬೇಕು. ಇಳಿದ ಮೇಲೂ ಎದೆಯ ಹತ್ತಿರ ಇರಬೇಕು. ಹಿಂದೆ ಬಾವಿ ತೋಡುವವರು ಲಾಂದ್ರ ಇಳಿಬಿಟ್ಟು ಅದು ಆರಿಹೋದರೆ ಇಳಿಯುತ್ತಿರಲಿಲ್ಲ. ಒಳ್ಳೆಯ ಬುದ್ಧಿ. ಆದರೆ ಕೊಳಚೆ ಗುಂಡಿಗೆ ಬೆಂಕಿ ಇಳಿಬಿಡಬೇಡಿ, ಮೀಥೇನ್ ಹೊತ್ತಿಕೊಳ್ಳುತ್ತದೆ. ಬೆಂಕಿಕಡ್ಡಿ ಗೀರಿ ನೋಡುವವರನ್ನು ನಾನೇ ಕಂಡಿದ್ದೇನೆ.

ಇದು ಮೈಗೆ ಕಟ್ಟುವ ಪಟ್ಟಿ, ಹಾರ್ನೆಸ್. ತೊಡೆ, ಎದೆ, ಹೆಗಲು ಎಲ್ಲವನ್ನೂ ಹಿಡಿಯುತ್ತದೆ. ಗುಂಡಿಯ ಬಾಯಿಗೆ ಮೂರು ಕಾಲಿನ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಇದರ ಹಗ್ಗವನ್ನು ರಾಟೆಗೆ ಕಟ್ಟುತ್ತಾರೆ. ಇಳಿದವನು ಬಿದ್ದರೆ ಮೇಲಿರುವವನು ರಾಟೆ ತಿರುಗಿಸಿದರೆ ಸಾಕು. ಇನ್ನೊಬ್ಬ ಇಳಿಯಬೇಕಾಗಿಲ್ಲ. ಇದು ಎಷ್ಟು ಮುಖ್ಯ ಗೊತ್ತಾ? ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ 1986ರಲ್ಲೇ ಲೆಕ್ಕ ಹಾಕಿ ಹೇಳಿತ್ತು: ಇಂಥ ಇಕ್ಕಟ್ಟಿನ ಜಾಗಗಳಲ್ಲಿ ಸತ್ತವರಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಮಂದಿ ಕಾಪಾಡಲು ಹೋದವರು. ನಮ್ಮಲ್ಲೂ ಅದೇ ಕತೆ. 2017ರ ಮಾರ್ಚಿನಲ್ಲಿ ಬೆಂಗಳೂರಿನ ಸಿ.ವಿ. ರಾಮನ್ ನಗರದ ಕಡೆ ಒಂದೇ ಮ್ಯಾನ್‌ಹೋಲಿನಲ್ಲಿ ಮೂವರು. 2021ರ ಜನವರಿಯಲ್ಲಿ ಕಲಬುರಗಿಯಲ್ಲಿ ಇಬ್ಬರು. ಅದೇ ವರ್ಷ ಜೂನ್‌ನಲ್ಲಿ ರಾಮನಗರದಲ್ಲಿ ಮೂವರು. ಗುಂಡಿ ಒಂದು, ಹೆಣ ಎರಡು ಮೂರು. ಯಾಕೆ ಅಂತ ಈಗ ನಿಮಗೆ ತಿಳಿಯಿತಲ್ಲ?

ಇನ್ನು ಕೈಗವಸು, ಗಂಬೂಟು. ಇವು ಪ್ರಾಣವನ್ನು ಒಂದೇ ದಿನದಲ್ಲಿ ಉಳಿಸುವ ಸಾಮಾನಲ್ಲ, ನಿಧಾನವಾಗಿ ಉಳಿಸುವ ಸಾಮಾನು. ಕೊಳಚೆಯಲ್ಲಿ ಬ್ಲೇಡು, ಸೂಜಿ, ಗಾಜು ಎಲ್ಲ ಇರುತ್ತದೆ. ಗಾಯದಿಂದ ಧನುರ್ವಾಯು. ಇಲಿ ಉಚ್ಚೆಯಿಂದ ಇಲಿ ಜ್ವರ. ತೊಳೆಯದ ಕೈಯಿಂದ ಕಾಮಾಲೆ, ಟೈಫಾಯಿಡ್. ಧನುರ್ವಾಯು, ಕಾಮಾಲೆ, ಟೈಫಾಯಿಡ್‌ಗೆ ಲಸಿಕೆ ಇದೆ. ನನ್ನ ಜತೆ ಕೆಲಸ ಮಾಡಿದವರಲ್ಲಿ ಕಂಪನಿ ಖರ್ಚಿನಲ್ಲಿ ಲಸಿಕೆ ಹಾಕಿಸಿಕೊಂಡವನು ಒಬ್ಬನೂ ಇಲ್ಲ.

"ಅವರೇ ಹಾಕಿಕೊಳ್ಳುವುದಿಲ್ಲ ಸಾರ್"

ಇದು ನಾನು ಅತಿ ಹೆಚ್ಚು ಸಲ ಕೇಳಿದ ಮಾತು. ನಾನೇ ಹೇಳಿದ ಮಾತೂ ಹೌದು. ಕೈಗವಸು ಕೊಟ್ಟರೆ ಹಾಕಿಕೊಳ್ಳುವುದಿಲ್ಲ, ಬೂಟು ಕೊಟ್ಟರೆ ಮನೆಗೆ ತೆಗೆದುಕೊಂಡು ಹೋಗುತ್ತಾರೆ, ಈ ಜನಕ್ಕೆ ಎಷ್ಟು ಹೇಳಿದರೂ ಅಷ್ಟೇ ಅಂತ.

ಹಾಕಿಕೊಳ್ಳುವುದಿಲ್ಲ, ನಿಜ. ಯಾಕೆ ಅಂತ ಯಾರಾದರೂ ಕೇಳಿದ್ದೀರಾ? ಈ ಕೈಗವಸನ್ನು ನೀವೇ ಹಾಕಿ ನೋಡಿ. ಬಾ ತಮ್ಮಾ, ಮುಂದಿನ ಸಾಲಿನವನು, ಬಾ. ಹಾಕು. ಈಗ ಈ ನಟ್ಟು ಬಿಚ್ಚು. ಆಗುತ್ತಿಲ್ಲ ಅಲ್ಲವಾ? ಬೆರಳು ಒಳಗೆ ಈಜಾಡುತ್ತಿದೆ. ಎಲ್ಲರಿಗೂ ಒಂದೇ ಅಳತೆಯ ಗವಸು ತರುತ್ತಾರೆ, ಅಗ್ಗಕ್ಕೆ ಸಿಗುತ್ತದೆ ಅಂತ. ಪಂಪಿನ ನಟ್ಟು ಬಿಚ್ಚಬೇಕಾದರೆ ಹುಡುಗ ಗವಸು ತೆಗೆಯಲೇಬೇಕು. ಗಂಬೂಟು ಮೊಣಕಾಲಿನ ತನಕ ಮಾತ್ರ ಇದೆ, ನೀರು ತೊಡೆಯ ತನಕ ಇದೆ. ನೀರು ಒಳಗೆ ತುಂಬಿಕೊಂಡರೆ ಕಾಲೇ ಎತ್ತಲಾಗುವುದಿಲ್ಲ. ಕನ್ನಡಕ ಹಾಕಿದರೆ ಬೆವರಿಗೆ ಮಂಜು ಕಟ್ಟಿ ಕಣ್ಣು ಕಾಣುವುದಿಲ್ಲ. ಬೂಟು ಹರಿದರೆ ಇನ್ನೊಂದು ಜೊತೆ ವರ್ಷ ಕಳೆದ ಮೇಲೆ. ಒಗೆಯಲು ಜಾಗವಿಲ್ಲ, ಸ್ನಾನಕ್ಕೆ ನೀರಿಲ್ಲ, ಬಟ್ಟೆ ಬದಲಿಸಲು ಕೋಣೆಯಿಲ್ಲ. ಊರಿನ ನೀರನ್ನೆಲ್ಲ ಶುದ್ಧ ಮಾಡುವ ಘಟಕದಲ್ಲಿ ಅವನ ಮೈ ತೊಳೆಯಲು ಒಂದು ನಲ್ಲಿಯಿಲ್ಲ!

ಎಲ್ಲಕ್ಕಿಂತ ದೊಡ್ಡದು ಅವಸರ. ಪಟ್ಟಿ ಕಟ್ಟಿ, ಮೀಟರು ಇಳಿಬಿಟ್ಟು, ಗಾಳಿ ಊದಿ ಕೆಲಸ ಶುರು ಮಾಡಬೇಕಾದರೆ ಸಾಕಷ್ಟು ಹೊತ್ತು ಬೇಕು. ಕಂಟ್ರಾಕ್ಟರು ಫೋನಿನಲ್ಲಿ ಬೈಯುತ್ತಿರುತ್ತಾನೆ. ಮನೆಯವರು ಮೂಗು ಮುಚ್ಚಿಕೊಂಡು ಬಂದು "ಇನ್ನೂ ಆಗಲಿಲ್ವಾ?" ಅನ್ನುತ್ತಾರೆ. ನಿಯಮ ಪಾಲಿಸಿದವನಿಗೆ ಸೋಮಾರಿ ಅನ್ನುವ ಬಿರುದು, ಸುಮ್ಮನೆ ಇಳಿದವನಿಗೆ ಶಹಬ್ಬಾಸ್‌ಗಿರಿ. ಹೀಗಿರುವಾಗ ಯಾರು ಹಾಕಿಕೊಳ್ಳುತ್ತಾರೆ?

ನಾನು ಹಾಕಿಸಿದ ಸಹಿ

ಈಗ ನನ್ನ ಕತೆ. ಇದನ್ನು ಹೇಳಲು ನನಗೆ ನಾಚಿಕೆ ಇದೆ, ಆದರೂ ಹೇಳುತ್ತೇನೆ.

2015ರ ಮಳೆಗಾಲ. ಊರಾಚೆಯ ಒಂದು ಅಪಾರ್ಟ್‌ಮೆಂಟಿನ ಘಟಕದಲ್ಲಿ ನಾನು ಮೇಲ್ವಿಚಾರಕ. ಒಂದು ಭಾನುವಾರ ಕೊಳಚೆ ಬಂದು ಬೀಳುವ ತೊಟ್ಟಿಯ ಪಂಪು ನಿಂತುಹೋಯಿತು. ಬಟ್ಟೆ ಸಿಕ್ಕಿಕೊಂಡಿತ್ತು. ನೀರು ಏರಿ ಕಾರು ನಿಲ್ಲಿಸುವ ಜಾಗಕ್ಕೆ ಬರಲು ಶುರುವಾಯಿತು. ಸರಪಳಿ ಹಾಕಿ ಎಳೆದೆವು, ಪಂಪು ಜಗ್ಗಲಿಲ್ಲ. ನನ್ನ ಕೈಕೆಳಗೆ ರಾಯಚೂರು ಕಡೆಯ ಒಬ್ಬ ಹುಡುಗ ಇದ್ದ. ಇಪ್ಪತ್ತಮೂರು ವಯಸ್ಸು. "ಸರ, ಎರಡು ಮಿನಿಟಿನ ಕೆಲಸ ಐತ್ರಿ. ಹಿಂಗ ಹೋಗಿ ಹಂಗ ಬರ್ತೀನ್ರಿ" ಅಂದ. ನಾನು ಬೇಡ ಅನ್ನಲಿಲ್ಲ. ಫೋನಿನ ಮೇಲೆ ಫೋನು ಬರುತ್ತಿತ್ತು.

ತೋಟದ ಕೆಲಸದ ಒಬ್ಬ ಮುದುಕರು ಅಲ್ಲಿದ್ದರು. ಹಿಂದೆ ಬಾವಿ ತೋಡಿದವರು. ಅವರು ಬಿಡದೆ ಹುಡುಗನ ಸೊಂಟಕ್ಕೆ ಹಗ್ಗ ಕಟ್ಟಿದರು. ಅವನು ನಗುತ್ತಾ ಇಳಿದ. ಕೆಸರಿಗೆ ಕಾಲಿಟ್ಟ, ಪಂಪು ಅಲುಗಿಸಿದ. ಅಷ್ಟೇ. ಮಾತು ನಿಂತಿತು. ಬಗ್ಗಿ ನೋಡಿದರೆ ಗೋಡೆಗೆ ಒರಗಿದ್ದಾನೆ, ತಲೆ ಜೋತುಬಿದ್ದಿದೆ. ನಾನು ಏಣಿಗೆ ಕಾಲಿಟ್ಟೆ. ಮುದುಕರು ನನ್ನ ಅಂಗಿಯ ಕಾಲರ್ ಹಿಡಿದು ಹಿಂದಕ್ಕೆ ಎಳೆದರು. "ನೀನೂ ಹೋದ್ರೆ ಹಗ್ಗ ಎಳೆಯೋರು ಯಾರಪ್ಪಾ?" ಅಂದರು. ನಾಲ್ಕು ಜನ ಸೇರಿ ಎಳೆದೆವು. ಹುಡುಗ ಬದುಕಿದ. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದ.

ಮೂರನೇ ದಿನ ಕಂಪನಿಯವರು ಬಂದರು. ಆಸ್ಪತ್ರೆಗಲ್ಲ, ಘಟಕಕ್ಕೆ. ಒಂದು ರಿಜಿಸ್ಟರು ತೆಗೆಸಿದರು. ಅದರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ನಾಲ್ಕು ಸಾಲು. ನನಗೆ ರಕ್ಷಣಾ ಸಾಧನಗಳನ್ನು ಕೊಟ್ಟಿದ್ದಾರೆ, ಅವುಗಳ ಬಳಕೆಯ ತರಬೇತಿ ಕೊಟ್ಟಿದ್ದಾರೆ, ಧರಿಸದೆ ಕೆಲಸ ಮಾಡಿ ಏನಾದರೂ ಆದರೆ ಅದಕ್ಕೆ ನಾನೇ ಹೊಣೆ. ಕೆಳಗೆ ಹುಡುಗನ ಸಹಿ. ದುಂಡಗೆ, ಚೆಂದದ ಕನ್ನಡ ಅಕ್ಷರದಲ್ಲಿ.

ಆ ಸಹಿ ಹಾಕಿಸಿದವನು ನಾನು. ತಿಂಗಳಿಗೊಮ್ಮೆ ಎಲ್ಲರಿಂದ ಹಾಕಿಸುತ್ತಿದ್ದೆ. "ಏನ್ ಸರ ಇದು?" ಅಂತ ಅವನು ಒಮ್ಮೆ ಕೇಳಿದ್ದ. "ಸಾಮಾನಿನ ಲೆಕ್ಕ ಕಣೋ, ಹಾಕು" ಅಂದಿದ್ದೆ. ಆ ಸಾಮಾನು ಎಲ್ಲಿತ್ತು? ಸ್ಟೋರಿನ ಬೀರುವಿನಲ್ಲಿ, ಬೀಗ ಹಾಕಿ. ತಪಾಸಣೆಗೆ ಬಂದವರಿಗೆ ಹೊಸದಾಗಿ ಕಾಣಬೇಕು ಅಂತ. ಬೀಗದ ಕೈ ಇದ್ದದ್ದು ರಜೆಯಲ್ಲಿದ್ದ ಮ್ಯಾನೇಜರ ಹತ್ತಿರ.

ಆಸ್ಪತ್ರೆ ಖರ್ಚಿಗೆ ಕಂಪನಿ ಕಾಸು ಕೊಡಲಿಲ್ಲ. ಕೆಲಸದವರೆಲ್ಲ ಚಂದಾ ಎತ್ತಿ ಕಟ್ಟಿದೆವು. ಹುಡುಗ ಊರಿಗೆ ಹೋದ. ಈಗಲೂ ಹಬ್ಬಕ್ಕೆ ಫೋನು ಮಾಡುತ್ತಾನೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದಂತೆ. ನನ್ನನ್ನು ಒಂದು ಮಾತೂ ಅಂದಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಕಾನೂನು ಏನು ಹೇಳುತ್ತದೆ?

ಕಾನೂನಿಗೆ ಬರಗಾಲವಿಲ್ಲ. 1970ರ ದಶಕದಲ್ಲೇ, ದೇವರಾಜ ಅರಸು ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಈ ರಾಜ್ಯದಲ್ಲಿ ನಿಷೇಧಿಸಿದರು. ಇಡೀ ದೇಶಕ್ಕೆ ಕಾನೂನು ಬಂದದ್ದು 1993ರಲ್ಲಿ. ಹಾಗಿದ್ದರೂ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಪೌರಕಾರ್ಮಿಕ ಕುಟುಂಬದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟನೆ ಮಾಡಬೇಕಾಯಿತು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿ ಬೆಳೆದ ಬೆಜವಾಡ ವಿಲ್ಸನ್ ಅವರು ಈ ಹೋರಾಟವನ್ನು ದೇಶದ ತುಂಬ ಕಟ್ಟಿದರು, 2016ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಪಡೆದರು. ಚಿನ್ನ ತೆಗೆದ ಊರಿನಲ್ಲಿ ಮಲ ಎತ್ತುವವರು ಹೇಗಿದ್ದರು ಅನ್ನುವುದನ್ನು ಜಗತ್ತಿಗೆ ತಿಳಿಸಿದವರು ಅವರು.

2013ರಲ್ಲಿ ಹೊಸ ಕಾಯ್ದೆ ಬಂತು. ರಕ್ಷಣೆಯಿಲ್ಲದೆ ಚರಂಡಿಗೋ ಕಕ್ಕಸು ಗುಂಡಿಗೋ ಮನುಷ್ಯನನ್ನು ಇಳಿಸಿದರೆ ಮೊದಲ ಸಲ 2 ವರ್ಷ ಜೈಲು ಇಲ್ಲವೇ 2 ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಮತ್ತೆ ಮಾಡಿದರೆ 5 ವರ್ಷ, 5 ಲಕ್ಷದವರೆಗೆ. ಅದರ ನಿಯಮಗಳಲ್ಲಿ 44 ಬಗೆಯ ರಕ್ಷಣಾ ಸಾಧನಗಳ ಪಟ್ಟಿ ಇದೆ. ಗ್ಯಾಸ್ ಮೀಟರು, ಗಾಳಿ ಊದುವ ಬ್ಲೋಯರು, ಗಾಳಿಯ ಪೈಪು, ಮೂರು ಕಾಲಿನ ಚೌಕಟ್ಟು, ಎಲ್ಲ ಇದೆ. ಸಾಧನ ಹಾಕಿಕೊಂಡರೂ ಸುಮ್ಮನೆ ಇಳಿಯುವಂತಿಲ್ಲ. ಯಂತ್ರದಿಂದ ಸಾಧ್ಯವೇ ಇಲ್ಲದ ಕೆಲವೇ ಸಂದರ್ಭಗಳಲ್ಲಿ ಮಾತ್ರ. ಬಾವಿಯ ತಳದಲ್ಲಿ ಕೂತ ಪಂಪು ಎತ್ತುವುದು ಅಂಥ ಒಂದು ಸಂದರ್ಭ. ಅಂದರೆ ನನ್ನ ಹುಡುಗ ಇಳಿಯಬಹುದಿತ್ತು. ಆದರೆ ಪೂರ್ತಿ ರಕ್ಷಣೆಯೊಂದಿಗೆ.

2014ರ ಮಾರ್ಚ್ 27ರಂದು ಸುಪ್ರೀಂ ಕೋರ್ಟು, 1993ರಿಂದ ಈಚೆಗೆ ಗುಂಡಿಯಲ್ಲಿ ಸತ್ತ ಪ್ರತಿಯೊಬ್ಬನ ಕುಟುಂಬಕ್ಕೂ 10 ಲಕ್ಷ ರೂಪಾಯಿ ಕೊಡಬೇಕು ಅಂತ ಹೇಳಿತು. 2023ರ ಅಕ್ಟೋಬರ್ 20ರಂದು ಅದನ್ನು 30 ಲಕ್ಷಕ್ಕೆ ಏರಿಸಿತು. ಶಾಶ್ವತವಾಗಿ ಅಂಗವಿಕಲನಾದರೆ 20 ಲಕ್ಷ. 2025ರ ಜನವರಿ 29ರಂದು ಬೆಂಗಳೂರು ಸೇರಿ ಆರು ಮಹಾನಗರಗಳಲ್ಲಿ ಮನುಷ್ಯರನ್ನು ಚರಂಡಿಗೆ ಇಳಿಸುವುದನ್ನೇ ನಿಲ್ಲಿಸಿ ಅಂತ ಆದೇಶ ಕೊಟ್ಟಿತು.

ಈಗ ಜಾಣತನ ನೋಡಿ. 2021ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿನಲ್ಲಿ, ಮಲ ಹೊರುವ ಕೆಲಸದಿಂದ ಸತ್ತವರು ಯಾರೂ ಇಲ್ಲ ಅಂದಿತು. ಹಾಗಾದರೆ ಸತ್ತವರು? ಅವರು "ಅಪಾಯಕಾರಿ ಸ್ವಚ್ಛತಾ ಕೆಲಸ"ದಲ್ಲಿ ಸತ್ತವರಂತೆ! ಪದ ಬದಲಾಯಿತು, ಲೆಕ್ಕ ಬದಲಾಯಿತು, ಹೆಣ ಮಾತ್ರ ಅದೇ.

ಕಾಯ್ದೆಯ ಒಂದು ಸಾಲನ್ನು ನೀವು ಬಾಯಿಪಾಠ ಮಾಡಿಕೊಳ್ಳಬೇಕು. ಮಾಲೀಕನ ಹೊಣೆ ಎರಡು ಅಂತ ಅದು ಹೇಳುತ್ತದೆ. ಒಂದು, ರಕ್ಷಣಾ ಸಾಧನ ಕೊಡುವುದು. ಎರಡು, ಸುರಕ್ಷತಾ ಕ್ರಮಗಳ ಪಾಲನೆ ಆಗುವಂತೆ ನೋಡಿಕೊಳ್ಳುವುದು. ಎರಡರಲ್ಲಿ ಒಂದು ತಪ್ಪಿದರೂ ಅದು ಅಪರಾಧ. ಬೀರುವಿನಲ್ಲಿ ಬೀಗ ಹಾಕಿಟ್ಟರೆ ಕೊಟ್ಟ ಹಾಗಲ್ಲ. ಕೊಟ್ಟು ಕಣ್ಣು ಮುಚ್ಚಿಕೊಂಡರೂ ಮುಗಿಯಲಿಲ್ಲ. "ಅವರೇ ಹಾಕಿಕೊಳ್ಳುವುದಿಲ್ಲ ಸಾರ್" ಅನ್ನುವ ಮಾತು ಕಾನೂನಿನ ಮುಂದೆ ತಪ್ಪೊಪ್ಪಿಗೆಯೇ ಹೊರತು ಸಮರ್ಥನೆಯಲ್ಲ. ಇದು 2015ರಲ್ಲಿ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ರಿಜಿಸ್ಟರನ್ನು ಅವರ ಮುಖಕ್ಕೇ ಹಿಡಿಯುತ್ತಿದ್ದೆ. ಯಾಕೆ ಗೊತ್ತಿರಲಿಲ್ಲ? ಯಾರೂ ನನಗೆ ಕನ್ನಡದಲ್ಲಿ ಹೇಳಿರಲಿಲ್ಲ.

ಇಲ್ಲಿ ಕನ್ನಡದ ಕೆಲಸ ಏನು?

ನಿಮ್ಮ ಶಿಬಿರಕ್ಕೆ ನನಗೇನು ಕೆಲಸ ಅಂತ ಕೇಳಿದ್ದೆನಲ್ಲ, ಈಗ ಉತ್ತರ ಸಿಕ್ಕಿದೆ. ಈ ಮೀಟರಿನ ಮೇಲೆ ಒಂದಾದರೂ ಕನ್ನಡ ಅಕ್ಷರ ಇದೆಯಾ ನೋಡಿ. ಮಾಸ್ಕಿನ ಡಬ್ಬಿಯ ಮೇಲೆ, ಅವಧಿ ಯಾವಾಗ ಮುಗಿಯುತ್ತದೆ ಅನ್ನುವುದು ಯಾವ ಭಾಷೆಯಲ್ಲಿದೆ ನೋಡಿ. ಘಟಕದ ಬಾಗಿಲಿಗೆ "ಕನ್‌ಫೈನ್ಡ್ ಸ್ಪೇಸ್" ಅಂತ ಇಂಗ್ಲಿಷಿನಲ್ಲಿ ಬೋರ್ಡು ಹಾಕಿರುತ್ತಾರೆ. ಇಂಗ್ಲಿಷ್ ಓದಬಲ್ಲವನು ಆ ಬಾಗಿಲು ದಾಟುವುದೇ ಇಲ್ಲ. ದಾಟುವವನಿಗೆ ಅದು ಓದಲು ಬರುವುದಿಲ್ಲ. ಹಾಗಾದರೆ ಆ ಬೋರ್ಡು ಯಾರಿಗೆ?

ಅಂಗಡಿಯ ಬೋರ್ಡಿನಲ್ಲಿ ಕನ್ನಡ ಬೇಕು ಅಂತ ನೀವು ಹೋರಾಡುತ್ತೀರಿ. ಹೋರಾಡಿ. ಅಲ್ಲಿ ಕನ್ನಡ ಇಲ್ಲದಿದ್ದರೆ ನಮ್ಮ ಮಾನ ಹೋಗುತ್ತದೆ. ಗುಂಡಿಯ ಬಾಯಿಯ ಬೋರ್ಡಿನಲ್ಲಿ ಕನ್ನಡ ಇಲ್ಲದಿದ್ದರೆ ಪ್ರಾಣ ಹೋಗುತ್ತದೆ. "ಒಳಗೆ ವಿಷದ ಗ್ಯಾಸ್ ಇದೆ. ಇಳಿಯಬೇಡ. ಬಿದ್ದವನನ್ನು ಕಾಪಾಡಲು ನೀನೂ ಇಳಿಯಬೇಡ." ಹೀಗೆ ನೇರ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಯಲು ಎಷ್ಟು ಖರ್ಚು? ಓದಲು ಬಾರದವನಿಗೆ ಚಿತ್ರ ಬರೆಯಿರಿ. ಕೆಲಸಕ್ಕೆ ಬಂದವನು ತೆಲುಗಿನವನೋ ತಮಿಳಿನವನೋ ಒಡಿಶಾದವನೋ ಆಗಿದ್ದರೆ ಅವನಿಗೆ ತಿಳಿಯುವ ಮಾತಿನಲ್ಲೂ ಒಂದು ಸಾಲು ಬರೆಯಿರಿ. ಕನ್ನಡಕ್ಕೆ ಅದರಿಂದ ಏನೂ ಕಡಿಮೆಯಾಗುವುದಿಲ್ಲ. ಗ್ಯಾಸು ಯಾರ ಭಾಷೆಯನ್ನೂ ಕೇಳುವುದಿಲ್ಲ.

ಕನ್ನಡಿಗರಿಗೆ ಉದ್ಯೋಗ ಕೊಡಿ ಅಂತ ಸರೋಜಿನಿ ಮಹಿಷಿ ವರದಿ 1986ರಿಂದ ಹೇಳುತ್ತಲೇ ಇದೆ. ನಾವೂ ಕೇಳುತ್ತಲೇ ಇದ್ದೇವೆ. ಆದರೆ ಈ ಗುಂಡಿಯ ಕೆಲಸಕ್ಕೆ ಯಾರಾದರೂ ಮೀಸಲಾತಿ ಕೇಳಿದ್ದನ್ನು ಕಂಡಿದ್ದೀರಾ? ಯಾರೂ ಕೇಳುವುದಿಲ್ಲ. ಕೇಳದೆಯೇ ಜಾತಿ ಅದನ್ನು ಕೆಲವರಿಗೆ ಮೀಸಲಿಟ್ಟುಬಿಟ್ಟಿದೆ. ಅಪ್ಪ ಇಳಿದ, ಮಗ ಇಳಿಯುತ್ತಾನೆ. ಕನ್ನಡಿಗ ಅಂದರೆ ಅವನೂ ಸೇರಿದ್ದಾನೆ ತಾನೇ? ಸೇರಿದ್ದರೆ ಅವನ ಉಸಿರು ಕೂಡ ನಾಡಿನ ಪ್ರಶ್ನೆಯೇ.

ನೀವು ಮಾಡಬಹುದಾದದ್ದು

ಕೊನೆಗೆ ಕೆಲವು ಕೆಲಸ ಹೇಳಿ ಮುಗಿಸುತ್ತೇನೆ. ಇವು ಘೋಷಣೆಯಲ್ಲ, ನಾಳೆಯಿಂದಲೇ ಮಾಡಬಹುದಾದವು.

ಮೊದಲನೆಯದು, ನೀವು ಇರುವ, ನಿಮ್ಮ ನೆಂಟರಿಷ್ಟರು ಇರುವ ಕಟ್ಟಡದ ಎಸ್‌ಟಿಪಿಗೆ ಒಮ್ಮೆ ಹೋಗಿ. ಅಲ್ಲಿ ಕೆಲಸ ಮಾಡುವವನ ಹೆಸರು ಕೇಳಿ. ಗ್ಯಾಸ್ ಮೀಟರು ಇದೆಯಾ, ಮೂರು ಕಾಲಿನ ಚೌಕಟ್ಟು ಇದೆಯಾ, ಅದರ ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿ. ಕೈಗವಸು ಅವನ ಕೈಯ ಅಳತೆಗೆ ಇದೆಯಾ ನೋಡಿ.

ಎರಡನೆಯದು, ಎಲ್ಲಾದರೂ ಮನುಷ್ಯ ಮ್ಯಾನ್‌ಹೋಲಿಗೆ ಇಳಿಯುತ್ತಿದ್ದರೆ ನಿಂತು ತಡೆಯಿರಿ. ಅವನ ಮೇಲೆ ಕೂಗಾಡಬೇಡಿ, ಇಳಿಸಿದವನನ್ನು ಕೇಳಿ. ಬೆಂಗಳೂರಿನಲ್ಲಿ ಜಲಮಂಡಳಿಯ 1916ಕ್ಕೆ ಫೋನು ಮಾಡಿ. ಜೆಟ್ಟಿಂಗ್ ಯಂತ್ರ ಇದೆ, ಹೀರುವ ಯಂತ್ರ ಇದೆ. ಪಕ್ಕದ ಕೇರಳದಲ್ಲಿ 2018ರಿಂದಲೇ ಮ್ಯಾನ್‌ಹೋಲಿಗೆ ಇಳಿಯುವ ರೋಬೋಟು ಬಳಸುತ್ತಿದ್ದಾರೆ. ನೆನಪಿಡಿ, ನಾನು ತೋರಿಸಿದ ಸಾಮಾನೆಲ್ಲ ಕೊನೆಯ ಆಸರೆ. ಇಳಿಯದೆ ಇರುವುದೇ ಮೊದಲ ರಕ್ಷಣೆ.

ಮೂರನೆಯದು, ಯಾರಾದರೂ ಗುಂಡಿಯಲ್ಲಿ ಬಿದ್ದರೆ ಎಂಥ ಸಂಕಟವಾದರೂ ಇಳಿಯಬೇಡಿ. 112ಕ್ಕೆ ಫೋನು ಮಾಡಿ ಅಗ್ನಿಶಾಮಕ ದಳ ಕರೆಸಿ. ಹಗ್ಗ ಇದ್ದರೆ ಎಳೆಯಿರಿ, ಗಾಳಿ ಊದುವ ಯಂತ್ರ ಇದ್ದರೆ ಹಚ್ಚಿ. ಆ ಮುದುಕರ ಮಾತು ನೆನಪಿಡಿ, ಹಗ್ಗ ಎಳೆಯಲು ಯಾರಾದರೂ ಮೇಲೆ ಇರಬೇಕು.

ನಾಲ್ಕನೆಯದು, ನಿಮ್ಮ ಮನೆಯ ಕಕ್ಕಸಿಗೆ ಬಟ್ಟೆ, ಪ್ಲಾಸ್ಟಿಕ್ಕು, ಪ್ಯಾಡು ಹಾಕಬೇಡಿ. ನನ್ನ ಹುಡುಗನನ್ನು ತಳಕ್ಕೆ ಕರೆದದ್ದು ಯಾರೋ ಎಸೆದ ಒಂದು ತುಂಡು ಬಟ್ಟೆ.

ಐದನೆಯದು ನಿಮ್ಮಂಥ ಓದಿದವರಿಗೆ ಮಾತ್ರ ಆಗುವ ಕೆಲಸ. ಆ ರಿಜಿಸ್ಟರುಗಳನ್ನು ಕನ್ನಡಕ್ಕೆ ತನ್ನಿ. 2013ರ ಕಾಯ್ದೆಯನ್ನು ಎರಡು ಪುಟದಲ್ಲಿ, ನನ್ನಂಥವನಿಗೆ ಅರ್ಥವಾಗುವ ಕನ್ನಡದಲ್ಲಿ ಬರೆದು ಘಟಕ ಘಟಕಕ್ಕೂ ಹಂಚಿ. "ಓದದೆ ಸಹಿ ಹಾಕಬೇಡ" ಅಂತ ಅವನಿಗೆ ಹೇಳಿಕೊಡಿ. "ಸಾಧನ ಇಲ್ಲದೆ ಇಳಿಯೋದಿಲ್ಲ" ಅನ್ನಲು ಅವನಿಗೆ ಧೈರ್ಯ ಬೇಕು. ನೀವು ಬೆನ್ನಿಗಿದ್ದೀರಿ ಅಂತ ಗೊತ್ತಾದರೆ ಆ ಧೈರ್ಯ ಬರುತ್ತದೆ.

ಆ ಹುಡುಗ ಕಳೆದ ಹಬ್ಬಕ್ಕೆ ಫೋನು ಮಾಡಿದಾಗ ಈ ಶಿಬಿರದ ವಿಷಯ ಹೇಳಿದೆ. "ನನ್ ಸಹಿ ಕತಿ ಹೇಳ್ರಿ ಸರ, ಹೆಸರು ಮಾತ್ರ ಹೇಳಬ್ಯಾಡ್ರಿ" ಅಂದ. ಹೇಳಿದ್ದೇನೆ. ಹೆಸರು ಹೇಳಿಲ್ಲ.

ಈ ಚೀಲ ಇಲ್ಲೇ ಬಿಟ್ಟು ಹೋಗುತ್ತೇನೆ. ಎಲ್ಲರೂ ಒಮ್ಮೆ ಕೈಗವಸು ಹಾಕಿ ನೋಡಿ.